ಹಗಲಿನಲ್ಲೂ ಉಸಿರಾಡುವ ಎಲೆ

ಪ್ರಿಯ ಲೇಖಕರೇ,

ದ್ಯುತಿಸಂಶ್ಲೇಷಣೆ ಮತ್ತು ಸಸ್ಯಗಳ ಉಸಿರಾಟವನ್ನು ಕುರಿತು ನೀವು ಕಳುಹಿಸಿದ ‘ಎಲೆಯ ಅಡುಗೆಮನೆ’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಆರಂಭ ಚೆನ್ನಾಗಿದೆ. ಆದರೆ ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಅವುಗಳನ್ನು ಕುರಿತಷ್ಟೇ ಬರೆಯುತ್ತೇನೆ.

‘ಸಸ್ಯಗಳು ಹಗಲು ಆಹಾರ ತಯಾರಿಸುತ್ತವೆ, ರಾತ್ರಿ ಉಸಿರಾಡುತ್ತವೆ’ ಎಂದಿದ್ದೀರಿ. ಮೊದಲರ್ಧ ಸರಿ, ಎರಡನೆಯದು ಓದುಗರನ್ನು ದಾರಿ ತಪ್ಪಿಸುತ್ತದೆ. ಸಸ್ಯಕೋಶ ಹಗಲಿರುಳೆನ್ನದೆ ಉಸಿರಾಡುತ್ತದೆ. ನಡುಹಗಲಿನಲ್ಲಿ ಅದು ಹೊರಗೆ ಕಾಣಿಸದಿರುವುದಕ್ಕೆ ಕಾರಣ, ಕೋಶದೊಳಗೆ ಉಸಿರಾಟ ನಡೆಸುವ ಕಣಗಳಾದ ಮೈಟೊಕಾಂಡ್ರಿಯಾ ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಬಹುಪಾಲನ್ನು, ಬೆಳಕಿನಲ್ಲಿ ಆಹಾರ ತಯಾರಿಸುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳು ಎಲೆಯೊಳಗೇ ಬಳಸಿಕೊಳ್ಳುವುದು. ಸಂಜೆ ಬೆಳಕು ಕುಗ್ಗಿದಂತೆ ಆಹಾರ ತಯಾರಿಕೆ, ಉಸಿರಾಟ ಎಂಬ ಎರಡೂ ಕ್ರಿಯೆಗಳು ಸರಿಸಮನಾಗುವ ಒಂದು ಹಂತ ಬರುತ್ತದೆ. ಆಗ ಎಲೆ ಗಾಳಿಯಿಂದ ಏನನ್ನೂ ಪಡೆಯದೆ, ಗಾಳಿಗೆ ಏನನ್ನೂ ಕೊಡದೆ ಇರುವಂತೆ ತೋರುತ್ತದೆ. ಬೇರನ್ನಂತೂ ನೀವು ಮರೆತೇಬಿಟ್ಟಿದ್ದೀರಿ. ಎಲೆಯಿಂದ ಸುಕ್ರೋಸ್ ರೂಪದಲ್ಲಿ ಇಳಿದುಬಂದ ಸಕ್ಕರೆಯನ್ನು ಒಡೆದು ಎಟಿಪಿ ಎಂಬ ಶಕ್ತಿಯ ಅಣುವನ್ನು ಮಾಡಿಕೊಳ್ಳದಿದ್ದರೆ ಬೇರು ಲವಣಗಳನ್ನು ಒಳಗೆಳೆದುಕೊಳ್ಳಲಾರದು. ನೀರು ನಿಂತ ಹೊಲದಲ್ಲಿ ತೊಗರಿ ಸೊರಗುವುದಕ್ಕೆ ಬೇರಿಗೆ ಆಮ್ಲಜನಕ ಸಾಲದಿರುವುದೂ ಮುಖ್ಯ ಕಾರಣ.

ಇದೇ ತಪ್ಪನ್ನು ನನ್ನ ಮೊದಲ ಲೇಖನದಲ್ಲಿ ನಾನೂ ಮಾಡಿದ್ದೆ. ಅಂದಿನ ನನ್ನ ಸಂಪಾದಕರು ಹಸ್ತಪ್ರತಿಯನ್ನು ಬದಿಗಿಟ್ಟು, ಮೊಳಕೆ ಬಂದ ಹೆಸರುಕಾಳನ್ನು ಬಾಟಲಿಗೆ ತುಂಬಿ, ಒಳಗೆ, ಇಂಗಾಲದ ಡೈಆಕ್ಸೈಡ್ ಸೇರಿದರೆ ಬೆಳ್ಳಗಾಗುವ ಸುಣ್ಣದ ತಿಳಿನೀರಿನ ಪುಟ್ಟ ಬಟ್ಟಲಿಟ್ಟು ಬಿರಡೆ ಹಾಕಲು ಹೇಳಿದರು. ಹೋಲಿಸಿ ನೋಡಲು, ಸುಣ್ಣದ ತಿಳಿನೀರಷ್ಟೇ ಇದ್ದ, ಕಾಳಿಲ್ಲದ ಇನ್ನೊಂದು ಬಾಟಲಿಯನ್ನೂ ಪಕ್ಕದಲ್ಲಿ ಇರಿಸಿದರು. ಹಗಲ ಬೆಳಕಿನಲ್ಲೇ ಇದ್ದ ಮೊದಲ ಬಾಟಲಿಯ ತಿಳಿನೀರು ಸಂಜೆಯ ಹೊತ್ತಿಗೆ ಹಾಲಿನಂತೆ ಬೆಳ್ಳಗಾಗಿತ್ತು. ಅದನ್ನು ನೋಡಿದ ಮೇಲೆ ಆ ವಾಕ್ಯವನ್ನು ಹೊಡೆದುಹಾಕಲು ಯಾರೂ ನನಗೆ ಹೇಳಬೇಕಾಗಲಿಲ್ಲ.

ಇನ್ನು ‘ಎಲೆಯು ಇಂಗಾಲದ ಡೈಆಕ್ಸೈಡನ್ನು ಆಮ್ಲಜನಕವಾಗಿ ಮಾರ್ಪಡಿಸುತ್ತದೆ’ ಎಂಬ ಮಾತು. ಎಲೆ ಹೊರಬಿಡುವ ಆಮ್ಲಜನಕ ಬರುವುದು ನೀರಿನಿಂದ. ವಿಜ್ಞಾನಿಗಳಾದ ಸ್ಯಾಮ್ಯುಯೆಲ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ಸಾಮಾನ್ಯ ಆಮ್ಲಜನಕಕ್ಕಿಂತ ತೂಕ ಹೆಚ್ಚಿರುವುದರಿಂದ ಗುರುತು ಹಿಡಿಯಬಹುದಾದ ಭಾರ ಆಮ್ಲಜನಕವುಳ್ಳ ನೀರನ್ನು ಪಾಚಿಗೆ ಕೊಟ್ಟು ಇದನ್ನು 1941ರಲ್ಲಿ ತೋರಿಸಿಕೊಟ್ಟರು. ಕ್ಲೋರೋಪ್ಲಾಸ್ಟ್‌ನಲ್ಲಿ ನೀರು ಒಡೆದು ಆಮ್ಲಜನಕ ಬಿಡುಗಡೆಯಾದರೆ, ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನೂ ಪ್ರೋಟಾನುಗಳನ್ನೂ ಪಡೆದು ಮತ್ತೆ ನೀರಾಗುತ್ತದೆ. ಇಂಗಾಲವಾದರೋ ಗಾಳಿಯಿಂದ ಸಕ್ಕರೆಗೂ ಸಕ್ಕರೆಯಿಂದ ಗಾಳಿಗೂ ಹೋಗಿಬರುತ್ತದೆ. ಎರಡು ಕ್ರಿಯೆಗಳ ನಂಟು ಇರುವುದೇ ಇಲ್ಲಿ, ನಿಮ್ಮ ಒಂದು ವಾಕ್ಯ ಅದನ್ನು ಪೂರ್ತಿಯಾಗಿ ಮುಚ್ಚಿಬಿಟ್ಟಿದೆ.

ಈ ಎರಡು ಭಾಗಗಳನ್ನು ಹೊಸದಾಗಿ ಬರೆದು ಕಳುಹಿಸಿ. ಅದಕ್ಕೆ ಮೊದಲು ಹೆಸರುಕಾಳಿನ ಬಾಟಲಿಯನ್ನು ನೀವೇ ಒಮ್ಮೆ ಇಟ್ಟು ನೋಡಿ.

ಇಂತಿ,
ಸಂಪಾದಕ