ಅಪ್ಪಯ್ಯನ ತಾಳಮದ್ದಳೆಗೆ ಪುಟ್ಟ ಪ್ಲೇಯರ್ ಸಾಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಅಪ್ಪಯ್ಯನಿಗೆ 64 ವರ್ಷ. ಅಡಿಕೆ ತೋಟದಲ್ಲಿ ಕೆಲಸ ಮಾಡುವಾಗ ತಾಳಮದ್ದಳೆ, ಆಗಾಗ ಭಾವಗೀತೆ ಕೇಳುವ ಆಸೆ. ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ತಬೇಕು. ಸ್ಮಾರ್ಟ್‌ಫೋನ್ ಕೊಟ್ಟರೆ, "ಎಲ್ಲಿ ಮುಟ್ಟಿದ್ರೂ ಬೇರೆ ಏನೋ ಬರ್ತದೆ" ಅಂತ ಬೈಯುತ್ತಾರೆ. ಈಗ ಇರುವುದು ಕೀಪ್ಯಾಡ್ ಮೊಬೈಲ್. ಅಂಗಿಗೆ ಸಿಕ್ಕಿಸಿಕೊಳ್ಳುವ, ಪರದೆಯೇ ಇಲ್ಲದ ಎಂಪಿ3 ಪ್ಲೇಯರ್ ಕೊಡಿಸಬಹುದಾ?

ಉತ್ತರ: ಪ್ಲೇಯರ್ ಕೊಡಿಸಿ. ಆದರೆ ಪರದೆ ಇಲ್ಲದ್ದು ಬೇಡ. ಕಾರಣ ತಾಳಮದ್ದಳೆ.

ಭಾವಗೀತೆ ಐದು ನಿಮಿಷದ್ದು. ಬೇಡದ್ದು ಬಂದರೆ ಗುಂಡಿ ಒತ್ತಿದರಾಯಿತು. ತಾಳಮದ್ದಳೆ ಮೂರು ಗಂಟೆ, ಅದೂ ಒಂದೇ ಫೈಲಿನಲ್ಲಿ. ಕೃಷ್ಣ ಇನ್ನೇನು ಕೌರವನ ಸಭೆ ಮುಟ್ಟಬೇಕು, ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆಯುತ್ತಾರೆ. ಉಂಡು ಬಂದು ಮತ್ತೆ ಹಾಕಿದರೆ ಗಣಪತಿ ಸ್ತುತಿಯಿಂದ ಶುರು! ಪರದೆ ಇಲ್ಲದಿದ್ದರೆ ಬಿಟ್ಟ ಜಾಗ ಹುಡುಕುವುದೂ ಕಷ್ಟ. ಎರಡು ದಿನ ಹೀಗಾದರೆ ಅಪ್ಪಯ್ಯ ಅದನ್ನು ಗೂಡಿನಲ್ಲಿಟ್ಟು ಮರೆತೇಬಿಡುತ್ತಾರೆ. ಹಾಗಾಗಿ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಹಾಡು ಅರ್ಧಕ್ಕೆ ಬಂದಾಗ ಆಫ್ ಮಾಡಿ, ಮತ್ತೆ ಆನ್ ಮಾಡಿ. ನಿಲ್ಲಿಸಿದ ಜಾಗದಿಂದ ಹೊರಟರೆ ಮಾತ್ರ ದುಡ್ಡು ಕೊಡಿ.

ಕಡಿಮೆ ಇದ್ದಷ್ಟೂ ಚೆಂದ ಎನ್ನುವುದಕ್ಕೂ ಒಂದು ಮಿತಿ ಇದೆ. ಆಪಲ್‌ನವರ ಐಪಾಡ್ ಶಫಲ್ 2005ರಲ್ಲಿ ಬಂತು. ಪರದೆ ಇರಲಿಲ್ಲ, ತೂಕ ಬರೀ 22 ಗ್ರಾಂ, ಜನ ಮುಗಿಬಿದ್ದು ಕೊಂಡರು. 2009ರಲ್ಲಿ ಅದರ ಮೈಮೇಲಿನ ಗುಂಡಿಗಳನ್ನೂ ತೆಗೆದು ಇಯರ್‌ಫೋನ್ ತಂತಿಗೆ ಹಾಕಿದರು. ಮಾರನೇ ವರ್ಷ ಗುಂಡಿಗಳು ಮೊದಲಿನ ಜಾಗಕ್ಕೇ ವಾಪಸ್ ಬಂದವು. ಮಣ್ಣು ಕೈಯಲ್ಲಿ, ನೋಡದೆ ಒತ್ತುವವರಿಗೆ ಗುಂಡಿ ಬೇಕೇ ಬೇಕು. 2017ರಲ್ಲಿ ಶಫಲ್ ಮಾರಾಟವನ್ನೇ ನಿಲ್ಲಿಸಿದರು. ಈಗ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಆಸೆ ಪಡಬೇಡಿ, ಒಳಗಿನ ಬ್ಯಾಟರಿ ಮುದಿಯಾಗಿರುತ್ತದೆ. ಬದಲಿಸುವುದು ಸುಲಭವಲ್ಲ.

ಇಂಥ ಪ್ಲೇಯರಿನ ಒಳ್ಳೆಯ ಗುಣ ಅಂದರೆ ಅದಕ್ಕೆ ಬೇರೇನೂ ಬರುವುದಿಲ್ಲ. ಕಾಲ್ ಇಲ್ಲ, ಜಾಹೀರಾತು ಇಲ್ಲ, ನೆಟ್‌ವರ್ಕ್ ಬೇಕಿಲ್ಲ. 8 ಜಿಬಿಯಲ್ಲಿ ಸಾಧಾರಣ ಗುಣಮಟ್ಟದ ಐದು ನಿಮಿಷದ ಹಾಡುಗಳು ಸುಮಾರು 1500 ಹಿಡಿಯುತ್ತವೆ. ಆದರೆ ಅಪ್ಪಯ್ಯನಿಗೆ ಎಷ್ಟು ಸಲೀಸೋ ನಿಮಗೆ ಅಷ್ಟೇ ಕೆಲಸ. ತುಂಬಿಸಿ ಕೊಡುವವರು ನೀವು ತಾನೇ?

ಪ್ರಸಂಗವನ್ನು ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ಕತ್ತರಿಸಿಬಿಡಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಹೆಸರು ಕನ್ನಡದಲ್ಲಿ ಕೊಡಬೇಡಿ. ಅಗ್ಗದ ಪ್ಲೇಯರುಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕ ಚೌಕ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ 01, 02 ಅಂತ ಹಾಕಿ. ಕೆಲವು ಪ್ಲೇಯರುಗಳಿಗೆ ಹೆಸರಿನ ಲೆಕ್ಕವೂ ಇಲ್ಲ, ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ. ಇದು ತಿಳಿಯದೆ ನಾನೇ ಒಮ್ಮೆ ಚಿಕ್ಕಪ್ಪನಿಗೆ ಯುದ್ಧ ಮುಗಿದ ಮೇಲೆ ಸಂಧಾನ ಕೇಳಿಸಿದ್ದೆ. ಒಂದೊಂದಾಗಿ ಸಾಲಾಗಿ ಕಾಪಿ ಮಾಡಿ.

ಕತ್ತರಿಸುವಾಗಲೇ ಫೈಲನ್ನು ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವ ಹಾಗೆ, ಮಾಡಿಬಿಡಿ. ಸ್ಟೀರಿಯೋದಲ್ಲಿ ಚಂಡೆ ಒಂದು ಕಿವಿಗೆ, ಭಾಗವತರು ಇನ್ನೊಂದಕ್ಕೆ ಜಾಸ್ತಿ ಬರಬಹುದು. ಮೋನೋದಲ್ಲಿ ಒಂದೇ ಕಿವಿಗೆ ಹಾಕಿದರೂ ಎಲ್ಲ ಕೇಳುತ್ತದೆ. ತೋಟದಲ್ಲಿ ಇನ್ನೊಂದು ಕಿವಿ ಖಾಲಿ ಇರಲೇಬೇಕು. ಸೋಗೆ ಹಾಳೆ ಸಮೇತ ಕಳಚಿ ಬೀಳುವಾಗ ಮೇಲೆ ಬರ್ ಅಂತ ಸದ್ದಾಗುತ್ತದಲ್ಲ, ಅದು ಕೇಳಬೇಕು. ಮರದ ಮೇಲಿಂದ ಅಡಿಕೆ ಕೊಯ್ಯುವ ಕೊನೆಗಾರ ಕೂಗಿದ್ದೂ ಕೇಳಬೇಕು. ಕಳೆ ಹೊಡೆಯುವ ಮಷಿನ್ ಹಿಡಿದಾಗ ಮಾತ್ರ ಪ್ಲೇಯರ್ ಬೇಡವೇ ಬೇಡ. ಆ ಗದ್ದಲ ಮೀರಿಸಲು ಸೌಂಡ್ ಏರಿಸುತ್ತಾ ಹೋದರೆ ಹೋಗುವುದು ಕಿವಿ. ಅಂದಹಾಗೆ, ಮೋನೋ 64 ಕೆಬಿಪಿಎಸ್‌ನಲ್ಲಿ (ಇದು ಸದ್ದಿನ ಗುಣಮಟ್ಟದ ಅಳತೆ) ಮೂರು ಗಂಟೆಯ ಪ್ರಸಂಗ 90 ಎಂಬಿ ಒಳಗೇ ಮುಗಿಯುತ್ತದೆ. ಮಾತಿಗೆ ಅಷ್ಟು ಧಾರಾಳ.

ನಮ್ಮ ಕಡೆ ಪ್ಲೇಯರಿಗೆ ದೊಡ್ಡ ವೈರಿ ತೇವ. ಕೊಳೆ ಔಷಧಿ ಹೊಡೆಯುವ ದಿನ ಅದನ್ನು ಮನೆಯಲ್ಲೇ ಬಿಡಲಿ. ಮೈಲುತುತ್ತದ ನೀರು ತಗುಲಿದರೆ ಇಯರ್‌ಫೋನ್ ಪಿನ್ನು ಬೇಗ ಹಾಳಾಗುತ್ತದೆ. ಒದ್ದೆಯಾಯಿತು ಅಂತ ಬಚ್ಚಲ ಒಲೆ ಮೇಲಂತೂ ಇಡಬೇಡಿ. ಬ್ಯಾಟರಿಗೆ ಬಿಸಿ ಆಗದು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ರಾತ್ರಿ ಅದರಲ್ಲಿಡಿ.

ದುಡ್ಡು ಹಾಕುವ ಮೊದಲು ಇನ್ನೊಂದು ಮಾತು. ಅಪ್ಪಯ್ಯನ ಕೀಪ್ಯಾಡ್ ಮೊಬೈಲಿಗೆ ಮೆಮೊರಿ ಕಾರ್ಡ್ ಹಾಕಲು ಜಾಗ ಇದೆಯಾ ನೋಡಿ. ಇದ್ದರೆ ಕಾರ್ಡ್ ಹಾಕಿ ಒಂದು ತಿಂಗಳು ಕೊಟ್ಟು ನೋಡಿ. ಗುಂಡಿಗಳು ಅವರಿಗೆ ರೂಢಿಯಾಗಿವೆ. ಸ್ಪೀಕರ್ ಇದೆ, ರಾತ್ರಿ ಅಡಿಕೆ ಸುಲಿಯುವಾಗ ಸುತ್ತ ಕೂತವರೂ ಕೇಳಬಹುದು. ಕೊರತೆ ಎರಡು. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಸುಮ್ನೆ ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ತಿನ್ನುತ್ತದೆ. ಸಿಗ್ನಲ್ ಸಿಕ್ಕ ಕಡೆ ಸರಿಯಾಗಿ ಕರ್ಣನ ಮಾತಿನ ನಡುವೆಯೇ ರಿಂಗ್ ಆಗುತ್ತದೆ. ಇದು ಕಿರಿಕಿರಿ ಅನ್ನಿಸಿದರೆ ಆಗ ಪ್ಲೇಯರ್ ತನ್ನಿ.

ಪ್ರಶ್ನೆ: ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಡೌನ್‌ಲೋಡ್ ಮಾಡಿಕೊಂಡ ಹಾಡುಗಳನ್ನು ಎಂಪಿ3 ಪ್ಲೇಯರಿಗೆ ಹಾಕಬಹುದಾ? (ಸಾಗರದ ಓದುಗರು)

ಉತ್ತರ: ಆಗುವುದಿಲ್ಲ. ಆ ಫೈಲುಗಳಿಗೆ ಬೀಗ ಇರುತ್ತದೆ, ಆ ಆ್ಯಪ್ ಮಾತ್ರ ತೆರೆಯಬಲ್ಲದು. ಚಂದಾ ನಿಲ್ಲಿಸಿದರೆ ಅವೂ ಹೋದ ಹಾಗೆ. ಎಂಪಿ3 ಆಗಿಯೇ ಕೊಂಡ ಹಾಡು, ಅಥವಾ ನಿಮ್ಮದೇ ಸಿ.ಡಿ.ಯಿಂದ ತೆಗೆದುಕೊಂಡದ್ದು ಆದೀತು. ಸಿ.ಡಿ. ಬೂಸ್ಟು ಹಿಡಿದಿದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದ ಹಾಗೆ ಸುತ್ತ ತಿರುಗಿಸಬೇಡಿ.