5 ಲಕ್ಷದೊಳಗೆ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ: ಉಡುಪಿ ಕಡೆ ಏನು ನೋಡಿ ತಗೊಳ್ಳಬೇಕು?

ಮಣಿಪಾಲದಲ್ಲಿ ಕೆಲಸ, ಇಲ್ಲಿವರೆಗೆ ಓಡಿಸಿದ್ದು ಸ್ವಿಫ್ಟ್ ಮಾತ್ರ, ಕೈಯಲ್ಲಿ 5 ಲಕ್ಷ ಇದೆ, ಆಫ್‌ರೋಡಿಂಗ್ ಕಲಿಯಲು ಜಿಪ್ಸಿ ಒಳ್ಳೆಯದಾ ಥಾರ್ ಒಳ್ಳೆಯದಾ ಎಂದು ಕೇಳಿದ್ದೀರಿ. ನಾನಾದರೆ ಜಿಪ್ಸಿ ತಗೊಳ್ಳುತ್ತೇನೆ. ಆದರೆ ನಮ್ಮ ಕರಾವಳಿಯಲ್ಲಿ ಯಾವ ಗಾಡಿ ಅನ್ನುವುದು ಎರಡನೇ ಮಾತು. ಮೊದಲು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು, ನೋಡಬೇಕು.

ನಾನು ಮೊದಲು ಇಷ್ಟಪಟ್ಟ ಜೀಪು ಕಡಲ ಬದಿಯ ಒಂದು ಮನೆಯಲ್ಲಿತ್ತು. ಹೊಸ ಪೇಂಟ್, ಹೊಸ ಹುಡ್, ದೊಡ್ಡ ಟೈರು. ನೋಡಿದ ದಿನವೇ 10 ಸಾವಿರ ಮುಂಗಡ ಕೊಟ್ಟೆ. ಮರುದಿನ ಪರಿಚಯದ ಮೆಕ್ಯಾನಿಕ್ ಬಂದು ಗಾಡಿಯ ಕೆಳಗೆ ಮಲಗಿದರು. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಅಲ್ಲಲ್ಲಿ ತಟ್ಟುತ್ತಾ ಹೋದರು. ಟಣ್ ಟಣ್ ಅಂತಿದ್ದ ಶಬ್ದ ಹಿಂದಿನ ಲೀಫ್ ಪ್ಲೇಟು (ಕುಲುಕಾಟ ತಡೆಯುವ ಸ್ಪ್ರಿಂಗ್ ಪಟ್ಟಿ) ಸೇರುವ ಜಾಗದಲ್ಲಿ ಬೊದ್ ಅಂತ ಆಯಿತು. ಅಲ್ಲಿ ತುದಿಯಿಂದ ಒತ್ತಿದರು, ಸ್ಕ್ರೂಡ್ರೈವರ್ ಒಳಗೇ ಹೋಯಿತು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ಕಪ್ಪು ಅಂಡರ್‌ಕೋಟಿಂಗ್ ಹೊಡೆದಿದ್ದರು. ಮುಂಗಡ ವಾಪಸ್ ಸಿಗಲಿಲ್ಲ. ಗುಡ್ಡೆ ಇಳಿಯುವಾಗ ಆ ಪ್ಲೇಟು ಕಿತ್ತು ಬಂದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಅದಕ್ಕೇ ಹೇಳುವುದು, ಗಾಡಿ ನೋಡಲು ಹೋಗುವಾಗ ಹಳೆಯ ಅಂಗಿ ಹಾಕಿಕೊಂಡು ಹೋಗಿ. ಕೆಳಗೆ ಮಲಗಲೇಬೇಕು. ಸಾಧ್ಯವಾದರೆ ವಾಟರ್ ಸರ್ವಿಸ್ ಮಾಡುವಲ್ಲಿ ರ‍್ಯಾಂಪ್ ಮೇಲೆ ಹತ್ತಿಸಿ ನೋಡಿ. ಪ್ಲೇಟಿನ ಬ್ರಾಕೆಟ್‌ಗಳು, ಬಾಡಿ ಕೂರುವ ಜಾಗಗಳು, ಮ್ಯಾಟ್ ಎತ್ತಿ ಕಾಲಡಿಯ ತಗಡು, ಎಲ್ಲವನ್ನೂ ತಟ್ಟಿ ನೋಡಿ. ಇಂಜಿನ್, ಗೇರ್‌ಬಾಕ್ಸ್ ರಿಪೇರಿ ಮಾಡಿಸಬಹುದು. ಚಾಸಿಯೇ ತಿಂದುಹೋಗಿದ್ದರೆ ಸುಮ್ನೆ ಎದ್ದು ಬನ್ನಿ. ಮಲ್ಪೆ, ಸುರತ್ಕಲ್ ಕಡೆ ನಿಂತ ಗಾಡಿಗಿಂತ ಚಿಕ್ಕಮಗಳೂರಿನ ಕೆಎ 18, ಮಡಿಕೇರಿಯ ಕೆಎ 12 ಗಾಡಿಗಳನ್ನು ನಾನು ಮೊದಲು ನೋಡುತ್ತೇನೆ. ಅಲ್ಲಿಯೂ ಮಳೆ ಜೋರು, ಆದರೆ ಉಪ್ಪುಗಾಳಿ ಇಲ್ಲ ಅಲ್ವಾ.

ಇನ್ನು ಜಿಪ್ಸಿ ಯಾಕೆ? ಅದು ಹಗುರ, ಸುಮಾರು ಒಂದು ಟನ್. ಕೆಸರಲ್ಲಿ ಹೂತರೆ ಇಬ್ಬರು ಸೇರಿ ತಳ್ಳಿ ಎತ್ತಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. 1.3 ಲೀಟರ್ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಪೆಟ್ರೋಲ್ ಇಂಜಿನ್ ಇರುವುದನ್ನೇ ಹುಡುಕಿ, 2000ದ ನಂತರದವು. ಖಾಸಗಿಯವರಿಗೆ ಮಾರುವುದು 2019ರ ಹೊತ್ತಿಗೆ ನಿಂತುಹೋಯಿತು, ಹಾಗಾಗಿ ಒಳ್ಳೆಯದು ಸಿಗಲು ಕಾಯಬೇಕು. ಎಸಿ ಇಲ್ಲ, ಕುಲುಕಾಟ ಜಾಸ್ತಿ, ಪೆಟ್ರೋಲ್ ಚೆನ್ನಾಗಿ ಕುಡಿಯುತ್ತದೆ. ಮನೆಯವರನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗುವ ಆಸೆ ಇದ್ದರೆ ಬೇಡ.

2010ರಿಂದ 2020ರವರೆಗೆ ಬಂದ ಹಳೆಯ ಥಾರ್‌ನ 2.5 ಲೀಟರ್ ಸಿಆರ್‌ಡಿಇ ಡೀಸೆಲ್ ಇಂಜಿನ್‌ಗೆ ಒಳ್ಳೆಯ ಎಳೆತ ಇದೆ. ಆದರೆ ತೂಕ ಜಿಪ್ಸಿಯ ಒಂದೂವರೆ ಪಟ್ಟಿಗಿಂತ ಜಾಸ್ತಿ. ಥಾರ್ ಎಂದ ಕೂಡಲೇ ಫೋರ್ ವೀಲ್ ಎಂದುಕೊಳ್ಳಬೇಡಿ, ಹಿಂದಿನ ಚಕ್ರ ಮಾತ್ರ ತಿರುಗುವ ಥಾರ್‌ಗಳೂ ಇವೆ. ರೆನೋ ಡಸ್ಟರ್‌ನ ಎಡಬ್ಲ್ಯುಡಿ (ನಾಲ್ಕೂ ಚಕ್ರ ತಿರುಗುವ) ಗಾಡಿ ರಸ್ತೆಗೆ ಸುಖ, ಕೆಸರನ್ನೂ ದಾಟುತ್ತದೆ. ಆದರೆ ಅದಕ್ಕೆ ಲೋ ರೇಂಜ್, ಅಂದರೆ ತುಂಬಾ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರು, ಇಲ್ಲ.

ಲೋ ರೇಂಜ್ ಎಂದರೆ ಏನು ಎಂದು ತಿಳಿಯಬೇಕಾದರೆ ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವ ಜೀಪಿನಲ್ಲಿ ಮುಂದಿನ ಸೀಟು ಕೇಳಿ ಕೂತುಕೊಳ್ಳಿ. ಆ ಡ್ರೈವರುಗಳು ಕಲ್ಲು ಗುಂಡಿಯ ಮೇಲೆ ನಡೆಯುವ ವೇಗದಲ್ಲಿ ಹೋಗುತ್ತಾರೆ. ಇಂಜಿನ್ನೇ ಗಾಡಿಯನ್ನು ಎಳೆಯುತ್ತದೆ, ಇಳಿಯುವಾಗ ಇಂಜಿನ್ನೇ ತಡೆಯುತ್ತದೆ. ಬ್ರೇಕ್ ತುಳಿದು ಜಾರುವ ಪ್ರಮೇಯ ಕಡಿಮೆ. ಆ ಒಂದು ಪ್ರಯಾಣದಲ್ಲಿ ನಾನು ಕಲಿತಷ್ಟು ಯಾವ ವಿಡಿಯೋ ನೋಡಿಯೂ ಕಲಿಯಲಿಲ್ಲ.

ಕೊಳ್ಳುವ ಮೊದಲು ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದಾ ನೋಡಿ. ಮಣ್ಣಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳ ನಡುವೆ ತಿರುಗಿಸುವ ಹಬ್ ಇದ್ದರೆ ಲಾಕ್ ಮಾಡಿ, ಲಿವರನ್ನು ಫೋರ್ ಲೋಗೆ (ನಾಲ್ಕೂ ಚಕ್ರ, ಲೋ ರೇಂಜ್) ಹಾಕಿ ನಿಧಾನ ಹೋಗಿ. ಕಟಕಟ ಶಬ್ದ ಬರಬಾರದು, ಲಿವರ್ ತಾನಾಗಿ ಹೊರಗೆ ಬೀಳಬಾರದು. ಒಣ ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರ ಓಡುವ ದೂರ ಬೇರೆ ಬೇರೆ. ಚಕ್ರ ಜಾರಲು ಮಣ್ಣಿಲ್ಲದಿದ್ದರೆ ಆ ಒತ್ತಡ ಎಲ್ಲಾ ಗೇರುಗಳ ಮೇಲೆ ಬೀಳುತ್ತದೆ. ಆಮೇಲೆ ಎರಡೂ ಆಕ್ಸಲ್‌ಗಳ ಆಯಿಲ್ ಪ್ಲಗ್ ಬಿಚ್ಚಿಸಿ ಬೆರಳು ಅದ್ದಿ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ತೋಡು, ಹೊಳೆ ದಾಟಿಸಿ ಹಾಗೇ ಬಿಟ್ಟ ಗಾಡಿ ಅದು. ಮಾರುವವರು ಪ್ಲಗ್ ಬಿಚ್ಚಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಕಾಗದದ ವಿಷಯ. 15 ವರ್ಷ ಆದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿ, 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಅದು ಆಗಿದೆಯಾ ಕೇಳಿ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿ ಜೊತೆ ನೀವೇ ಹೋಲಿಸಿ. ಹಳೆಯ ಜೀಪುಗಳಲ್ಲಿ ಇಂಜಿನ್ ಬದಲಾಗಿರುವುದು ಮಾಮೂಲು, ಆರ್‌ಸಿಯಲ್ಲಿ ಬರೆಸದೆ ಇರುವುದೂ ಮಾಮೂಲು. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕಾಸರಗೋಡಿನ ಕೆಎಲ್ 14 ಗಾಡಿ ಅಗ್ಗಕ್ಕೆ ಸಿಕ್ಕಿದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

5 ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ಮೂರೂವರೆಯೊಳಗೆ ಮುಗಿಸಿ. ಟೈರು, ಬ್ರೇಕ್, ಕ್ಲಚ್, ಬುಷ್, ಎಲ್ಲಾ ಆಯಿಲ್ ಬದಲಿಸುವಷ್ಟರಲ್ಲಿ ಉಳಿದದ್ದು ಖರ್ಚಾಗಿರುತ್ತದೆ. ನನಗೆ ಆದದ್ದು ಹಾಗೆಯೇ.

ಕಲಿಯಲು ಪರಿಚಯದವರ ತೋಟದ ದಾರಿ ಸಾಕು. ನಾನು ಕಲಿತದ್ದು ಹೆಬ್ರಿಯಲ್ಲಿ ಮಾವನ ಅಡಿಕೆ ತೋಟಕ್ಕೆ ಇಳಿಯುವ ಮುರಕಲ್ಲಿನ ದಾರಿಯಲ್ಲಿ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ, ಸಾಬೂನಿನ ಹಾಗೆ ಜಾರುತ್ತದೆ. ಒಬ್ಬರೇ ಹೋಗಬೇಡಿ, ಎಳೆಯಲು ಇನ್ನೊಂದು ಗಾಡಿ ಇರಲಿ. ಕುದುರೆಮುಖ, ಸೋಮೇಶ್ವರದ ಕಾಡಿನೊಳಗೆ ದಾರಿ ಬಿಟ್ಟು ನುಗ್ಗಬೇಡಿ. ಬೀಚಿಗಂತೂ ಇಳಿಸಲೇಬೇಡಿ. ಉಪ್ಪುನೀರು ಚಾಸಿಗೆ ಏನು ಮಾಡುತ್ತದೆ ಎಂದು ಆಗಲೇ ಹೇಳಿದೆ. ಕುಂದಾಪುರದ ಕೋಡಿ ಕಡೆ ಕಡಲಾಮೆಗಳು ಮರಳಲ್ಲಿ ಮೊಟ್ಟೆ ಇಡುತ್ತವೆ, ಅವುಗಳ ಮೇಲೆ ಚಕ್ರ ಹೋಗಬಾರದು.

ಯಾವುದಾದರೂ ಗಾಡಿ ಇಷ್ಟವಾದರೆ ಮುಂಗಡ ಕೊಡುವ ಮೊದಲು ಇಲ್ಲಿ ಫೋಟೊ ಹಾಕಿ, ನೋಡಿ ಹೇಳುತ್ತೇನೆ. ಮುಂದಿನಿಂದ ತೆಗೆದದ್ದು ಬೇಡ, ಹಿಂದಿನ ಪ್ಲೇಟಿನ ಬ್ರಾಕೆಟ್ ಹತ್ತಿರ ಕೆಳಗಿನಿಂದ ತೆಗೆದದ್ದು ಬೇಕು.