ಬೀದಿಯಲ್ಲಿ ಹಳಬರಿಗೂ ವಲಸೆ ಬಂದವರಿಗೂ ಜಗಳ. ಎಲ್ಲರನ್ನೂ ಕೂರಿಸಿ ಮಾತಾಡಿಸಿದರೆ ಸರಿಹೋಗುತ್ತಾ?

ರಾತ್ರಿ ಗಲಾಟೆ, ಕಸ, ಗಾಡಿ ನಿಲ್ಲಿಸೋ ಜಾಗ ಅಂತ ದಿನಾ ತಗಾದೆ, ಎಲ್ಲರನ್ನೂ ಒಂದು ಸಭೆಗೆ ಕರೆಯಲೇ ಅಂತ ಕೇಳಿದ್ದೀರಿ. ಬೇಡ, ಸದ್ಯಕ್ಕಂತೂ ಬೇಡ. ನಾನು ಇಂಥ ಜಗಳಗಳಲ್ಲಿ ಮಧ್ಯಸ್ಥಿಕೆ ಮಾಡುತ್ತೇನೆ. ದೊಡ್ಡ ಸಭೆಯಲ್ಲಿ ಜೋರು ಬಾಯಿಯವರದ್ದೇ ನಡೆಯುತ್ತದೆ. ಭಾಷೆ ಬಾರದವರು ಸುಮ್ನೆ ಕೂತು ಎದ್ದು ಹೋಗುತ್ತಾರೆ.

ರೆಸ್ಟೊರೇಟಿವ್ ಮಧ್ಯಸ್ಥಿಕೆಯಲ್ಲಿ, ಅಂದರೆ ಶಿಕ್ಷೆಗಿಂತ ಆದ ಹಾನಿ ಸರಿಪಡಿಸುವುದನ್ನು ಮುಖ್ಯವಾಗಿ ನೋಡುವ ಮಧ್ಯಸ್ಥಿಕೆಯಲ್ಲಿ, ಕೇಳುವುದು ಇಷ್ಟೇ: ಏನಾಯ್ತು, ಯಾರಿಗೆ ತೊಂದರೆಯಾಯ್ತು, ಅದನ್ನು ಸರಿಮಾಡಲು ಯಾರು ಏನು ಮಾಡಬೇಕು? 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ಹುಡುಗರು 22 ಕಡೆ ಆಸ್ತಿಪಾಸ್ತಿ ಹಾಳು ಮಾಡಿದ್ದರು. ನಷ್ಟವಾದವರನ್ನು ಅವರು ಹೋಗಿ ಮುಖತಃ ಭೇಟಿಯಾಗಿ ಪರಿಹಾರ ಮಾತಾಡಿಕೊಳ್ಳುವಂತೆ ಮಾಡಲಾಯಿತು. ಅವರು ಭೇಟಿಯಾಗಿದ್ದು ಇಡೀ ಊರನ್ನಲ್ಲ, ಒಬ್ಬೊಬ್ಬ ಮನುಷ್ಯನನ್ನು. ನಿಮಗೆ ಬೇಕಾಗಿರುವುದೂ ಅದೇ.

ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಖಾಮುಖಿಗೆ ಮೊದಲೇ ಆಗಬೇಕು. ಒಂದೊಂದು ಮನೆಯವರ ಜೊತೆ ಬೇರೆಬೇರೆಯಾಗಿ ಕೂರಬೇಕು. "ಆ ಜನಾನೇ ಹಂಗೆ" ಅಂತ ಶುರುವಾಗುತ್ತದೆ. ವಾದಕ್ಕೆ ಇಳಿಯಬೇಡಿ. "ಕಳೆದ ವಾರ ಏನಾಯ್ತು ಹೇಳಿ" ಅನ್ನಿ. ಆಗ ಹನ್ನೊಂದು ಗಂಟೆಗೆ ಎದ್ದು ಅತ್ತ ಮಗು, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಅಮ್ಮ ಕಾಣುತ್ತಾರೆ. ಆ ಕಡೆ ಹೋದರೆ ಇನ್ನೊಂದು ಕಥೆ. ಸಂಜೆ ಪಾಳಿ ಮುಗಿಸಿ ಬರುವವರಿಗೆ ಅದೇ ಊಟದ ಹೊತ್ತು. ಅಕ್ಕಪಕ್ಕದವರು ಒಂದು ದಿನವೂ ಮಾತಾಡಿಸಿಲ್ಲ, ಮೊದಲು ಬಾಗಿಲು ತಟ್ಟಿದ್ದೇ ಪೊಲೀಸರು. ಗದ್ದಲಕ್ಕಿಂತ ಈ ನೋವು ದೊಡ್ಡದು, ಆದರೆ ದೂರಿನಲ್ಲಿ ಇದು ಇರುವುದೇ ಇಲ್ಲ.

ಎದುರುಬದುರು ಕೂತರೆ ಸಾಕು, ದ್ವೇಷ ಕರಗುತ್ತದೆ ಅಂದುಕೊಳ್ಳಬೇಡಿ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೆ ಷರತ್ತು ಹೇಳಿದ್ದರು. ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಅಧಿಕಾರದಲ್ಲಿರುವವರ ಬೆಂಬಲ. ಸಮಾನ ಸ್ಥಾನ ಅಂದರೆ ಮೊದಲು ಬೇಕಾಗುವುದು ಹೊರಗಿನ ದುಭಾಷಿ. ಮನೆಯ ಮಗುವನ್ನು ಆ ಕೆಲಸಕ್ಕೆ ಕೂರಿಸಲೇಬೇಡಿ. ತನ್ನ ಅಪ್ಪನಿಗೆ ಬಿದ್ದ ಬೈಗುಳವನ್ನು ಮಗು ಹೇಗೆ ಹೇಳೀತು? ಒಳ್ಳೆಯ ದುಭಾಷಿ ಪಿಸುಮಾತನ್ನೂ ಅನುವಾದಿಸುತ್ತಾರೆ. ಪಿಸುಮಾತು ತಾನಾಗಿಯೇ ನಿಲ್ಲುತ್ತದೆ!

ಬೆದರಿಕೆ, ಹಲ್ಲೆ, ಜನಾಂಗದ ಹೆಸರಿನಲ್ಲಿ ಬೈಗುಳ ನಡೆಯುತ್ತಿದ್ದರೆ ಇದೆಲ್ಲ ಬೇಡ, ನೇರವಾಗಿ ಕಾನೂನು. ಇನ್ನೊಂದು, ವಲಸೆ ಬಂದವರು ವೀಸಾಗೆ ಎಲ್ಲಿ ತೊಂದರೆಯಾಗುತ್ತೋ ಅಂತ ಹೆದರಿ ಹೂಂ ಅಂದರೆ ಅದು ಒಪ್ಪಿಗೆಯಲ್ಲ.

ಒಪ್ಪಂದ ಚಿಕ್ಕದಿರಲಿ. ಎಷ್ಟು ಗಂಟೆಯ ಮೇಲೆ ಸದ್ದು ಬೇಡ, ತೊಂದರೆಯಾದರೆ ಪೊಲೀಸರಿಗಿಂತ ಮುಂಚೆ ಯಾರಿಗೆ ಫೋನ್ ಮಾಡಬೇಕು, ಅಷ್ಟು ಸಾಕು. ಎರಡೂ ಭಾಷೆಯಲ್ಲಿ ಬರೆದು, ಒಂದು ತಿಂಗಳ ಮೇಲೆ ಮತ್ತೆ ಕೂರಿ.

ಮಧ್ಯಸ್ಥರು ಮಾತ್ರ ನೀವಾಗಬೇಡಿ. ನೀವೂ ಅದೇ ಬೀದಿಯವರು ಅಲ್ವಾ? ನಾರ್ವೆಯಂಥ ದೇಶದಲ್ಲಿ 1991ರಲ್ಲಿ ಕಾನೂನು ಬಂದಾಗಿನಿಂದ ಸಾಮಾನ್ಯ ನಾಗರಿಕರೇ ತರಬೇತಿ ಪಡೆದು ಇದನ್ನು ಉಚಿತವಾಗಿ ಮಾಡುತ್ತಾರೆ. ನೀವಿರುವ ಕಡೆ ಅಂಥ ಸೇವೆ ಇದೆಯಾ ಅಂತ ಮೊದಲು ವಿಚಾರಿಸಿ.